ವಿನ್ಯಾಸ ಕಲಿಸುವ ಶಿಕ್ಷಕರಿಗೆ ಶರೀರರಚನೆ: ತ್ರೀಡಿ ಮಾದರಿಗಳನ್ನು ಎಲ್ಲಿ, ಎಷ್ಟು ಬಳಸಬೇಕು?

ವಿನ್ಯಾಸ ಬೋಧಕಿ, ಧಾರವಾಡ:

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆ ರಜೆಯಲ್ಲಿ ವಿನ್ಯಾಸ ವಿಷಯಗಳನ್ನು ಕಲಿಸುವ ಶಿಕ್ಷಕರಿಗಾಗಿ ಧಾರವಾಡದಲ್ಲಿ ಒಂದು ಶಿಬಿರ ನಡೆಸುವ ವಿಚಾರವಿದೆ. ಉಡುಪು ವಿನ್ಯಾಸ ಹೇಳಿಕೊಡುವವರು, ಉತ್ಪನ್ನ ವಿನ್ಯಾಸದ ಅಧ್ಯಾಪಕರು, ಪೀಠೋಪಕರಣ ತಯಾರಿಕೆ ಕಲಿಸುವ ಐಟಿಐ ಬೋಧಕರು, ಚಿತ್ರಕಲಾ ಶಾಲೆಗಳ ಶಿಕ್ಷಕರು ಬರುವವರಿದ್ದಾರೆ. ಇವರಲ್ಲಿ ಯಾರೂ ವೈದ್ಯಕೀಯ ಓದಿದವರಲ್ಲ. ಆದರೆ ಇವರ ವಿದ್ಯಾರ್ಥಿಗಳು ಮಾಡುವ ಪ್ರತಿಯೊಂದು ವಸ್ತುವೂ ಕೊನೆಗೆ ಯಾರದೋ ಮೈಮೇಲೆ, ಇಲ್ಲವೇ ಕೈಯೊಳಗೆ ಹೋಗಿ ಸೇರುತ್ತದೆ. ಚೀಲದ ಪಟ್ಟಿ ಹೆಗಲಿನಿಂದ ಏಕೆ ಜಾರುತ್ತದೆ, ಬೆಂಚಿನ ಮೇಲೆ ಒಂದು ತಾಸು ಕೂತರೆ ನಡು ಏಕೆ ಹಿಡಿದುಕೊಳ್ಳುತ್ತದೆ ಎಂದು ಮಕ್ಕಳು ಕೇಳಿದರೆ, ಹೆಚ್ಚಿನ ತರಗತಿಗಳಲ್ಲಿ ಅಳತೆಯ ಕೋಷ್ಟಕವನ್ನು ತೋರಿಸಿ ಮುಂದೆ ಸಾಗಲಾಗುತ್ತದೆ.

ಉಚಿತವಾಗಿ ಸಿಗುವ ಕೆಲವು ಶರೀರರಚನಾ ತಂತ್ರಾಂಶಗಳನ್ನು ಸಹೋದ್ಯೋಗಿಗಳಿಗೆ ತೋರಿಸಿ ನೋಡಿದೆ. ಪರದೆಯ ಮೇಲೆ ಅಸ್ಥಿಪಂಜರ ತಿರುಗತೊಡಗಿದಾಗ ಎಲ್ಲರೂ ಬೆರಗಾಗುತ್ತಾರೆ, ಸ್ನಾಯುಗಳ ಪದರಗಳನ್ನು ಒಂದೊಂದಾಗಿ ತೆಗೆದಾಗ ಇನ್ನಷ್ಟು ಬೆರಗಾಗುತ್ತಾರೆ. ಮರುದಿನ ಅದೇ ಶಿಕ್ಷಕರಿಗೆ ಒಂದು ಕೈಗತ್ತಿಯ ಹಿಡಿಯನ್ನು ಕೊಟ್ಟು ಇದರಲ್ಲಿ ಏನು ದೋಷವಿದೆ ಎಂದು ಕೇಳಿದರೆ, ನಿನ್ನೆ ನೋಡಿದ್ದಕ್ಕೂ ಇಂದಿನ ಹಿಡಿಗೂ ನಂಟು ಕಾಣಿಸುವುದಿಲ್ಲ. ಈ ಅಂತರವನ್ನು ಕಡಿಮೆ ಮಾಡುವ ಬಗೆ ಏನು? ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವವರೂ ಇಲ್ಲಿ ಇದ್ದೀರಿ, ದಯವಿಟ್ಟು ತಿಳಿಸಿ.

ಅಂಗರಚನಾಶಾಸ್ತ್ರ ಅಧ್ಯಾಪಕ, ಹುಬ್ಬಳ್ಳಿ:

ಮೇಡಂ, ನಿಮ್ಮ ತೊಂದರೆಯ ಒಂದು ಕಾರಣ ಆ ಮಾದರಿಗಳು ನಿಂತಿರುವ ಭಂಗಿಯಲ್ಲೇ ಇದೆ. ನಮ್ಮ ಪುಸ್ತಕಗಳಾಗಲಿ ತಂತ್ರಾಂಶಗಳಾಗಲಿ ದೇಹವನ್ನು ಒಂದು ನಿಶ್ಚಿತ ಭಂಗಿಯಲ್ಲಿ ತೋರಿಸುತ್ತವೆ: ನೆಟ್ಟಗೆ ನಿಂತು, ತೋಳುಗಳನ್ನು ಇಳಿಬಿಟ್ಟು, ಅಂಗೈಗಳನ್ನು ಮುಂದಕ್ಕೆ ತಿರುಗಿಸಿದ ಭಂಗಿ. ಒಳಗೆ, ಹೊರಗೆ, ಮುಂದೆ, ಹಿಂದೆ ಎಂದಾಗ ವೈದ್ಯರ ನಡುವೆ ಗೊಂದಲವಾಗದಿರಲೆಂದು ಮಾಡಿಕೊಂಡ ಏರ್ಪಾಡು ಅದು. ನಮ್ಮ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಆ ಭಂಗಿಯಲ್ಲಿ ನಿಂತು ಯಾರೂ ರೊಟ್ಟಿ ಬಡಿಯುವುದಿಲ್ಲ, ಕಸೂತಿ ಹಾಕುವುದಿಲ್ಲ, ಸ್ಕೂಟರ್ ಓಡಿಸುವುದಿಲ್ಲ. ನಿಮ್ಮ ಶಿಕ್ಷಕರಿಗೆ ಬೇಕಾಗಿರುವುದು ಕೆಲಸದಲ್ಲಿ ತೊಡಗಿದ ದೇಹ.

ಮುಂದೋಳಿನ ಉದಾಹರಣೆ ತೆಗೆದುಕೊಳ್ಳಿ. ಅಂಗೈ ಮೇಲ್ಮುಖವಾಗಿದ್ದಾಗ ಅಲ್ಲಿನ ಎರಡು ಎಲುಬುಗಳು ಅಕ್ಕಪಕ್ಕದಲ್ಲಿ ಇರುತ್ತವೆ. ಅಂಗೈಯನ್ನು ಕೆಳಮುಖ ಮಾಡಿದರೆ ಹೆಬ್ಬೆರಳ ಕಡೆಯ ರೇಡಿಯಸ್ ಎಲುಬು ಕಿರುಬೆರಳ ಕಡೆಯ ಅಲ್ನಾವನ್ನು ಅಡ್ಡ ಹಾಯುತ್ತದೆ. ಇದನ್ನು ಬಾಯಲ್ಲಿ ಹೇಳಿ ಅರ್ಥಮಾಡಿಸುವುದು ಕಷ್ಟ, ಚಿತ್ರದಲ್ಲಿ ತೋರಿಸುವುದೂ ಕಷ್ಟ. ತ್ರೀಡಿ ಮಾದರಿಯಲ್ಲಿ ಅರೆಕ್ಷಣದಲ್ಲಿ ತಿಳಿಯುತ್ತದೆ. ಆದರೂ ಮೊದಲು ಮಾದರಿಯನ್ನು ತೆರೆಯಬೇಡಿ. ಬಲ ಮೊಣಕೈಯನ್ನು ಮೇಜಿನ ಮೇಲೆ ಊರಿಸಿ, ಎಡಗೈ ಬೆರಳುಗಳನ್ನು ಬಲ ಮುಂದೋಳಿನ ಮೇಲಿಟ್ಟು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸಲು ಹೇಳಿ. ಮೊಣಕೈಯಿಂದ ಕಿರುಬೆರಳ ಕಡೆಗೆ ಸಾಗುವ ಎಲುಬಿನ ಅಂಚು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ಹೆಬ್ಬೆರಳ ಕಡೆಯದು ಬೆರಳ ಕೆಳಗೆ ಹೊರಳುತ್ತದೆ. ಇದು ಏನಿರಬಹುದು ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದ ಮೇಲೆ ಪರದೆಯನ್ನು ತೋರಿಸಿ. ಹೀಗೆ ಮಾಡಿದರೆ ಮಾದರಿ ಅವರ ಪ್ರಶ್ನೆಗೆ ಉತ್ತರವಾಗಿ ಬರುತ್ತದೆ.

ಇನ್ನೊಂದು ಮಾತು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ ಮಣಿಕಟ್ಟಿನ ಎಲುಬುಗಳ ಕಂಪ್ಯೂಟರ್ ಮಾದರಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಎಲುಬುಗಳನ್ನು ಹಲವು ಕೋನಗಳಿಂದ ತಿರುಗಿಸಿ ತೋರಿಸಿದಾಗ, ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಕಡಿಮೆ ಇದ್ದ ವಿದ್ಯಾರ್ಥಿಗಳಿಗೆ ಅದು ನೆರವಾಗುವ ಬದಲು ತೊಡಕಾಯಿತು. ಮುಖ್ಯವಾದ ಒಂದೆರಡು ನೋಟಗಳು ಅವರಿಗೆ ಹೆಚ್ಚು ಅನುಕೂಲವಾಗಿದ್ದವು. ವಿನ್ಯಾಸದವರಿಗೆ ಆ ಶಕ್ತಿ ಚೆನ್ನಾಗಿಯೇ ಇರುತ್ತದೆ ಎಂದು ನೀವು ಹೇಳಬಹುದು. ಇದ್ದೀತು. ಆದರೂ ಹೊಸಬರ ಮುಂದೆ ಮಾದರಿಯನ್ನು ಬುಗುರಿ ಆಡಿಸಿದಂತೆ ತಿರುಗಿಸುತ್ತ ಹೋಗುವುದರಿಂದ ಕಲಿಕೆ ಆಗುತ್ತದೆಂದು ನನಗೆ ಅನ್ನಿಸುವುದಿಲ್ಲ.

ಪೀಠೋಪಕರಣ ಬೋಧಕ, ಹುಬ್ಬಳ್ಳಿ:

ನನ್ನದೊಂದು ಸಂದೇಹ. ನಾವು ಕುರ್ಚಿ ಮಾಡುವವರು. ಮೊಣಕಾಲ ಹಿಂಬದಿಯ ಎತ್ತರ ಎಷ್ಟು, ಸೊಂಟದ ಅಗಲ ಎಷ್ಟು ಎಂಬುದು ಗೊತ್ತಿದ್ದರೆ ಕೆಲಸ ನಡೆಯುತ್ತದೆ. 206 ಎಲುಬುಗಳ ಉಸಾಬರಿ ನಮಗೇಕೆ? ಶಿಬಿರಕ್ಕೆ ಬರುವವರ ಸಮಯವೂ ಮುಖ್ಯವಲ್ಲವೇ?

ಕೃಷಿ ಉಪಕರಣ ವಿನ್ಯಾಸಕ, ಹಾವೇರಿ:

ಸರ್, 206 ಎಲುಬುಗಳನ್ನು ಯಾರೂ ಕೇಳುತ್ತಿಲ್ಲ. ಅಳತೆಯ ಕೋಷ್ಟಕವನ್ನು ನಾನೂ ದಿನನಿತ್ಯ ಬಳಸುತ್ತೇನೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ ದೇವಕುಮಾರ್ ಚಕ್ರವರ್ತಿಯವರು 1997ರಲ್ಲಿ ಹೊರತಂದ ಭಾರತೀಯರ ದೇಹದ ಅಳತೆಗಳ ಸಂಗ್ರಹ ಇಲ್ಲದಿದ್ದರೆ ನಮ್ಮಂಥವರು ಇಂದಿಗೂ ಪರದೇಶದ ಅಳತೆಗಳನ್ನೇ ನೆಚ್ಚಿಕೊಂಡು ಕೂರಬೇಕಾಗುತ್ತಿತ್ತು. ಆದರೆ ಹಿಡಿಯ ಸುತ್ತಳತೆ ಎಷ್ಟಿರಬೇಕು ಎಂದು ಕೋಷ್ಟಕ ಹೇಳುತ್ತದೆಯೇ ಹೊರತು, ಅದೇ ಸುತ್ತಳತೆಯ ಹಿಡಿ ಒಂದು ಉಪಕರಣದಲ್ಲಿ ಹಿತವಾಗಿದ್ದು ಇನ್ನೊಂದರಲ್ಲಿ ಕೈ ನೋಯಿಸುವುದೇಕೆ ಎಂದು ಹೇಳುವುದಿಲ್ಲ.

ಓದುತ್ತಿರುವವರು ಈಗಲೇ ಮಾಡಿ ನೋಡಬಹುದು. ಮಣಿಕಟ್ಟನ್ನು ನೇರವಾಗಿಟ್ಟು ಮುಷ್ಟಿ ಬಿಗಿಯಾಗಿ ಹಿಡಿಯಿರಿ. ಈಗ ಮಣಿಕಟ್ಟನ್ನು ಒಳಮುಖವಾಗಿ ಸಾಧ್ಯವಾದಷ್ಟು ಬಾಗಿಸಿ ಅಷ್ಟೇ ಬಿಗಿಯಾಗಿ ಮುಷ್ಟಿ ಹಿಡಿಯಲು ಪ್ರಯತ್ನಿಸಿ. ಬೆರಳುಗಳು ಪೂರ್ತಿ ಮಡಚುವುದೇ ಇಲ್ಲ. ಮಡಚಿದರೂ ಅವುಗಳಲ್ಲಿ ಕಸುವಿರುವುದಿಲ್ಲ. ಬೆರಳುಗಳೊಳಗೆ ಅವನ್ನು ಮಡಚುವ ಸ್ನಾಯುಗಳಿಲ್ಲ. ಬಲವಾಗಿ ಹಿಡಿಯುವ ಸ್ನಾಯುಗಳು ಮುಂದೋಳಿನಲ್ಲಿದ್ದು, ಅವುಗಳ ರಜ್ಜುಗಳು (ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು) ಮಣಿಕಟ್ಟನ್ನು ದಾಟಿ ಬೆರಳುಗಳಿಗೆ ಹೋಗುತ್ತವೆ. ಮಣಿಕಟ್ಟು ಒಳಕ್ಕೆ ಬಾಗಿದಾಗ ಮಡಚುವ ಸ್ನಾಯುಗಳು ಮೊದಲೇ ಕುಗ್ಗಿಹೋಗಿ ಎಳೆಯಲು ಅವಕಾಶ ಉಳಿಯುವುದಿಲ್ಲ, ಹಿಂಬದಿಯ ರಜ್ಜುಗಳೋ ಬಿಗಿದು ಬೆರಳುಗಳನ್ನು ತಡೆಯುತ್ತವೆ. ಮಣಿಕಟ್ಟು ಕೊಂಚ ಹಿಂದಕ್ಕೆ ಬಾಗಿದ್ದಾಗ ಹಿಡಿತ ಅತ್ಯಂತ ಬಲವಾಗಿರುತ್ತದೆ. ಕಳೆ ತೆಗೆಯುವ ಉಪಕರಣದ ಹಿಡಿಯ ಕೋನವನ್ನು ತಪ್ಪಾಗಿ ಕೊಟ್ಟರೆ, ಅದನ್ನು ಹಿಡಿದು ಕೆಲಸ ಮಾಡುವ ಹೆಣ್ಣುಮಗಳು ದಿನವಿಡೀ ಬಾಗಿದ ಮಣಿಕಟ್ಟಿನಲ್ಲೇ ಹಿಡಿತವನ್ನು ಉಳಿಸಿಕೊಳ್ಳಲು ಹೆಣಗಬೇಕಾಗುತ್ತದೆ. ಹಿಡಿಯ ಸುತ್ತಳತೆ ಕೋಷ್ಟಕದ ಪ್ರಕಾರ ಸರಿಯಾಗಿಯೇ ಇದ್ದೀತು.

ನಮ್ಮ ಬ್ಯಾಡಗಿಯ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ನೋಡಿದ್ದೀರಲ್ಲ. ಅಲ್ಲಿ ಇಡೀ ಮುಷ್ಟಿಗೆ ಕೆಲಸವಿಲ್ಲ, ಹೆಬ್ಬೆರಳು ಮತ್ತು ತೋರುಬೆರಳುಗಳ ಚಿಮಟವೇ ಎಲ್ಲವನ್ನೂ ಮಾಡುತ್ತದೆ. ಬೆರಳ ತುದಿಯಲ್ಲಿ ಹಾಕುವ ಬಲ ಹೆಬ್ಬೆರಳ ಬುಡದ ಕೀಲಿಗೆ ಹಲವು ಪಟ್ಟು ಹೆಚ್ಚಾಗಿ ತಲುಪುತ್ತದೆ. ಆ ಕೀಲು ಕುದುರೆಯ ಜೀನಿನ ಆಕಾರದಲ್ಲಿದೆ. ಅದರ ಆಕಾರವನ್ನು ತ್ರೀಡಿಯಲ್ಲಿ ಒಮ್ಮೆ ನೋಡಿದವರಿಗೆ ಹೆಬ್ಬೆರಳು ಎಲ್ಲ ದಿಕ್ಕಿಗೂ ಹೇಗೆ ಹೊರಳುತ್ತದೆ, ಮೊದಲು ಸವೆಯುವುದೂ ಅಲ್ಲೇ ಏಕೆ ಎಂಬುದು ಮನವರಿಕೆಯಾಗುತ್ತದೆ. ಆದ್ದರಿಂದ ಶಿಬಿರದಲ್ಲಿ ಕೆಲಸವನ್ನು ಮೊದಲು ಆರಿಸಿಕೊಳ್ಳಿ, ಆ ಕೆಲಸಕ್ಕೆ ಬೇಕಾದ ಎಲುಬು, ಕೀಲು, ಸ್ನಾಯುಗಳನ್ನಷ್ಟೇ ಪರದೆಗೆ ತನ್ನಿ ಎಂಬುದು ನನ್ನ ಸಲಹೆ. ಪೀಠೋಪಕರಣದ ಸರ್ ಅವರಿಗೂ ಇದು ಅನ್ವಯಿಸುತ್ತದೆ: ಕೂತಾಗ ನಮ್ಮ ಭಾರವನ್ನು ಹೊರುವುದು ಕಟಿಯ, ಅಂದರೆ ಸೊಂಟದ ಎಲುಬುಗೂಡಿನ, ಕೆಳತುದಿಯಲ್ಲಿರುವ ಎರಡು ಎಲುಬಿನ ಗಂಟುಗಳು. ಅಂಗೈಗಳ ಮೇಲೆ ಕೂತರೆ ಅವು ಕೈಗೆ ಒತ್ತುತ್ತವೆ. ಬೆನ್ನಿಗೆ ಆಸರೆಯಿಲ್ಲದೆ ಕುಸಿದು ಕೂತಾಗ ಕಟಿ ಹಿಂದಕ್ಕೆ ಉರುಳಿ ಕೆಳಬೆನ್ನಿನ ಸಹಜವಾದ ಬಾಗು ಚಪ್ಪಟೆಯಾಗುತ್ತದೆ. ಸೊಂಟದ ಅಗಲವನ್ನು ಎಷ್ಟು ಕರಾರುವಾಕ್ಕಾಗಿ ಅಳೆದರೂ ಇದು ತಿಳಿಯುವುದಿಲ್ಲ.

ಪೀಠೋಪಕರಣ ಬೋಧಕ, ಹುಬ್ಬಳ್ಳಿ:

ಅಂಗೈಗಳ ಮೇಲೆ ಕೂತು ನೋಡಿದೆ. ಒಪ್ಪಿದೆ.

ತ್ರೀಡಿ ಕಲಾವಿದ, ಹುಬ್ಬಳ್ಳಿ:

ಸಾಧನಗಳ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಇಂಟರ್‌ನೆಟ್‌ನಲ್ಲೇ ನಡೆಯುವ ವೇದಿಕೆಗಳು ನೋಡಲು ಸೊಗಸಾಗಿರುತ್ತವೆ, ಆದರೆ ಸಭಾಂಗಣದ ವೈಫೈಯನ್ನು ನಂಬಿ ಶಿಬಿರ ನಡೆಸುವುದು ಬೇಡ. ಝಡ್-ಅನಾಟಮಿ ಎಂಬುದು ಮುಕ್ತ ಪರವಾನಗಿಯ ಮಾದರಿ. ಉಚಿತವಾಗಿ ಸಿಗುವ ಬ್ಲೆಂಡರ್ ತಂತ್ರಾಂಶದಲ್ಲಿ ತೆರೆದುಕೊಳ್ಳುತ್ತದೆ, ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಕಿಲ್ಲ. ಅದರಲ್ಲಿರುವ ಭಾಗಗಳೆಲ್ಲ ಒಮ್ಮೆಗೇ ತೆರೆದರೆ ಹಳೆಯ ಲ್ಯಾಪ್‌ಟಾಪ್‌ಗಳು ಏದುಸಿರು ಬಿಡುತ್ತವೆ. ಹಾಗಾಗಿ ಬೇಕಾದ ಎಲುಬುಗಳನ್ನು ಮಾತ್ರ ಪ್ರತ್ಯೇಕ ಕಡತವಾಗಿ ಉಳಿಸಿಕೊಂಡು, ಕ್ಯಾಮೆರಾವನ್ನು ಎರಡು ಅಥವಾ ಮೂರು ನೋಟಗಳಲ್ಲಿ ಬಿಗಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅಧ್ಯಾಪಕರು ಮೇಲೆ ಹೇಳಿದ ಅಧ್ಯಯನಕ್ಕೂ ಇದು ಹೊಂದುತ್ತದೆ.

ಕೆಲಸ ಮಾಡುವ ಭಂಗಿ ಬೇಕು ಎಂದರೆ ಎಲುಬುಗಳನ್ನು ನೀವೇ ಹೊರಳಿಸಬೇಕಾಗುತ್ತದೆ. ಮೊಣಕೈ ಸುಲಭ, ಅದು ಬಾಗಿಲ ಕೀಲಿನ ಹಾಗೆ ಒಂದು ಅಕ್ಷದ ಸುತ್ತ ತಿರುಗುತ್ತದೆ. ಭುಜಫಲಕ ಮಾತ್ರ ತಲೆನೋವು. ಬೆನ್ನಿನ ಮೇಲ್ಭಾಗದ ಆ ತ್ರಿಕೋನಾಕಾರದ ಎಲುಬಿಗೂ ಪಕ್ಕೆಲುಬುಗಳಿಗೂ ನಡುವೆ ಎಲುಬಿನ ಕೀಲೇ ಇಲ್ಲ. ಮುಂಡದ ಎಲುಬುಗಳೊಂದಿಗೆ ಅದಕ್ಕಿರುವ ಏಕೈಕ ಎಲುಬಿನ ನಂಟು ಕೊರಳೆಲುಬಿನ ಮೂಲಕ. ಉಳಿದಂತೆ ಅದು ಸ್ನಾಯುಗಳ ನಡುವೆ ತೂಗಾಡುತ್ತ ಪಕ್ಕೆಗೂಡಿನ ಮೇಲೆ ಜಾರುತ್ತಿರುತ್ತದೆ. ಅದಕ್ಕೆ ನಾನು ತೋಳು ಕೆಳಗಿರುವಾಗಿನ ಒಂದು ಸ್ಥಾನ, ತೋಳು ಎತ್ತಿದಾಗಿನ ಒಂದು ಸ್ಥಾನ, ಇವೆರಡನ್ನು ಮಾತ್ರ ಹೊಂದಿಸಿ ನಡುವಿನದನ್ನು ಕಂಪ್ಯೂಟರಿಗೆ ಬಿಡುತ್ತೇನೆ. ಸ್ನಾಯುಗಳು ಉಬ್ಬುವುದು, ಚರ್ಮ ಎಳೆಯುವುದು ಇತ್ಯಾದಿಗಳನ್ನು ತೋರಿಸಲು ಹೋಗಬೇಡಿ. ಅದು ತಿಂಗಳುಗಳ ಕೆಲಸ, ಫಲಿತಾಂಶವೂ ಬಹುತೇಕ ತಪ್ಪಾಗಿಯೇ ಬರುತ್ತದೆ.

ಕೈಗೆ ಸಿಗುವ ಎಲುಬು ಬೇಕಿದ್ದರೆ ತ್ರೀಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶವಿದೆ. ಸಿಟಿ ಸ್ಕ್ಯಾನಿನಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000 ಎಂಬ ಲೆಕ್ಕದಲ್ಲಿ ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ಎಲುಬಿನ ಅಂಕಿಗಳು ಇವಕ್ಕಿಂತ ಬಹಳ ಮೇಲಿರುವುದರಿಂದ ಅದನ್ನು ಬೇರ್ಪಡಿಸಿ ತ್ರೀಡಿ ಮುದ್ರಕಕ್ಕೆ ಕಳಿಸುವುದು ಕಷ್ಟವಲ್ಲ. ಯಾರದೋ ಸ್ಕ್ಯಾನನ್ನು ಒಪ್ಪಿಗೆಯಿಲ್ಲದೆ, ಹೆಸರು ಅಳಿಸದೆ ಬಳಸಬಾರದು ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ವಿಆರ್ ಕನ್ನಡಕಗಳ ವಿಷಯದಲ್ಲಿ ನನಗೆ ಉತ್ಸಾಹವಿಲ್ಲ. ಒಬ್ಬರು ಹಾಕಿಕೊಂಡು ನೋಡುವಾಗ ಉಳಿದವರೆಲ್ಲ ಕೈಕಟ್ಟಿ ಕಾಯಬೇಕು, ಕೆಲವರಿಗೆ ತಲೆಸುತ್ತೂ ಬರುತ್ತದೆ.

ಹೊಲಿಗೆ ಶಿಕ್ಷಕಿ, ಗದಗ:

ಭುಜಫಲಕದ ಮಾತು ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಕುಬುಸ ಹೊಲಿಯುವವರ ಅರ್ಧ ತಕರಾರುಗಳು ಅಲ್ಲಿಂದಲೇ ಹುಟ್ಟುತ್ತವೆ. ಖಣದ ಬಟ್ಟೆ ಹಿಗ್ಗುವುದಿಲ್ಲ. ತೋಳು ಎತ್ತಿದರೆ ಕುಬುಸದ ಕೆಳಅಂಚು ಮೇಲೇರುತ್ತದೆ, ಬೆನ್ನು ಬಿಗಿಯುತ್ತದೆ, ಕಂಕುಳಲ್ಲಿ ಹೊಲಿಗೆ ಬಿಚ್ಚುತ್ತದೆ. ಆಗ ಹೊಸದಾಗಿ ಕಲಿತವರು ಮಾಡುವ ಮೊದಲ ಕೆಲಸವೆಂದರೆ ಕಂಕುಳ ಕೊರೆತವನ್ನು ಇನ್ನಷ್ಟು ಕೆಳಗೆ ಇಳಿಸುವುದು. ಹಾಗೆ ಇಳಿಸಿದರೆ ತೋಳು ಎತ್ತಿದಾಗ ಇಡೀ ಪಕ್ಕದ ಹೊಲಿಗೆ ಇನ್ನೂ ಹೆಚ್ಚು ಮೇಲಕ್ಕೆ ಎಳೆಯುತ್ತದೆ. ಕೊರೆತ ಕಂಕುಳಿಗೆ ಹತ್ತಿರವಾಗಿದ್ದು ತೋಳಿನ ಬಟ್ಟೆಗೆ ಅಗಲ ಸಾಕಷ್ಟಿದ್ದರೆ ಚಲನೆ ಸಲೀಸು. ಹಳೆಯ ಕಾಲದ ಅಂಗಿಗಳಲ್ಲಿ ಕಂಕುಳಿಗೆ ಚೌಕಾಕಾರದ ಒಂದು ತುಂಡನ್ನು ಸೇರಿಸುತ್ತಿದ್ದುದೂ ಇದೇ ಕಾರಣಕ್ಕೆ.

ಇದನ್ನು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ, ಮಕ್ಕಳು ನಿಯಮವೆಂದು ಬರೆದುಕೊಳ್ಳುತ್ತಾರೆ. ಆದರೆ ತೋಳು ಎತ್ತುವಾಗ ಒಳಗೆ ಏನು ನಡೆಯುತ್ತದೆಂದು ತೋರಿಸುವ ಸಾಧನ ನನ್ನ ಬಳಿ ಇರಲಿಲ್ಲ. ಅಧ್ಯಾಪಕರಲ್ಲಿ ಒಂದು ಪ್ರಶ್ನೆ: ತೋಳನ್ನು ಪೂರ್ತಿ ಮೇಲೆತ್ತುವಾಗ ಭುಜಫಲಕದ ಪಾಲು ಎಷ್ಟು?

ಅಂಗರಚನಾಶಾಸ್ತ್ರ ಅಧ್ಯಾಪಕ, ಹುಬ್ಬಳ್ಳಿ:

ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು. 180 ಡಿಗ್ರಿಗಳಲ್ಲಿ ಸುಮಾರು 120 ಡಿಗ್ರಿ ಭುಜದ ಗುಂಡು-ಬಟ್ಟಲು ಕೀಲಿನಲ್ಲಿ, ಸುಮಾರು 60 ಡಿಗ್ರಿ ಭುಜಫಲಕದ ಹೊರಳುವಿಕೆಯಲ್ಲಿ ಆಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವಿದೆ. ಎಲುಬಿನ ಕೆಳತುದಿ ಹೊರಗೆ ಮತ್ತು ಮುಂದಕ್ಕೆ ಸರಿಯುವುದರಿಂದ ಕಂಕುಳ ಹಿಂಬದಿಯ ಅಗಲವೇ ಬದಲಾಗುತ್ತದೆ. ನಿಮ್ಮ ಬಟ್ಟೆ ಬಿಗಿಯುವುದು ಅಲ್ಲಿಯೇ ಇರಬೇಕು.

ಚಿತ್ರಕಲಾ ಶಿಕ್ಷಕ, ಧಾರವಾಡ:

ನಾನು ಹಳೆಯ ಕಾಲದವನು, ಪೆನ್ಸಿಲ್ಲಿನ ಪಕ್ಷದವನು. ಆದರೂ ಒಂದು ಪ್ರಯೋಗ ಸೂಚಿಸುತ್ತೇನೆ. ಸಾಮಾನ್ಯ ಪ್ರೊಜೆಕ್ಟರ್ ಇದ್ದರೆ ಸಾಕು. ಮೈಗಂಟುವ ಬಿಳಿ ಬನಿಯನ್ ಹಾಕಿದ ಒಬ್ಬರನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಅವರ ಬೆನ್ನಿನ ಮೇಲೆಯೇ ಎಲುಬುಗಳ ಹಿಂಬದಿಯ ನೋಟವನ್ನು ಬೀಳಿಸಿ. ಅಳತೆ ಹೊಂದಿಸಿಕೊಂಡರೆ ಚರ್ಮದ ಕೆಳಗಿನ ಎಲುಬು ಹೊರಗೆ ಬಂದಂತೆ ಕಾಣುತ್ತದೆ. ಆಮೇಲೆ ಅವರಿಗೆ ಒಂದು ತೋಳು ಎತ್ತಲು ಹೇಳಿ. ಬೆಳಕಿನ ಭುಜಫಲಕ ಇದ್ದಲ್ಲೇ ಉಳಿಯುತ್ತದೆ, ನಿಜವಾದ ಭುಜಫಲಕ ಬನಿಯನ್ನಿನ ಕೆಳಗೆ ಪಕ್ಕಕ್ಕೆ ಸರಿದು ಹೋಗುತ್ತದೆ. ಮಾದರಿಗೂ ಮೈಗೂ ನಡುವೆ ತೆರೆದುಕೊಳ್ಳುವ ಆ ಅಂತರವನ್ನು ಶಿಕ್ಷಕರು ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳಲಿ. ಗದಗದ ಮೇಡಂ ಅವರಿಗೆ ಬೇಕಾದ ಸಡಿಲಿಕೆ ಎಷ್ಟೆಂಬುದು ಅಲ್ಲಿಯೇ ಇಂಚುಪಟ್ಟಿಗೆ ಸಿಗುತ್ತದೆ.

ನಂತರ ಪರದೆಯನ್ನು ಆರಿಸಿ ಚಿತ್ರ ಬರೆಸಿ. ನವಲಗುಂದದಲ್ಲಿ ಜಮಖಾನೆ ನೇಯುವವರದೋ ಕಸೂತಿ ಹಾಕುವವರದೋ ಕೆಲಸದ ಫೋಟೋವನ್ನು, ಅವರ ಒಪ್ಪಿಗೆ ಪಡೆದು, ದೊಡ್ಡದಾಗಿ ಮುದ್ರಿಸಿ, ಅದರ ಮೇಲೆ ಟ್ರೇಸಿಂಗ್ ಶೀಟ್ ಹಾಸಿ ಬೆನ್ನುಮೂಳೆ, ಕಟಿ, ಭುಜಫಲಕ, ತೋಳಿನ ಎಲುಬುಗಳನ್ನು ಊಹಿಸಿ ಎಳೆಯಲು ಹೇಳಿ. ಮಾದರಿಯನ್ನು ನೋಡಿ ನಕಲು ಮಾಡುವುದು ಎಲ್ಲರಿಗೂ ಬರುತ್ತದೆ. ಬಟ್ಟೆ ತೊಟ್ಟು, ಬಾಗಿ ಕೂತ ಮನುಷ್ಯರೊಳಗೆ ಎಲುಬನ್ನು ಕಾಣುವುದು ಬೇರೆ ವಿದ್ಯೆ. ತಮಗೆ ಅರ್ಥವಾಗಿದೆಯೋ ಇಲ್ಲವೋ ಎಂಬುದು ಆ ಹಾಳೆಯ ಮೇಲೆ ಅವರಿಗೇ ಕಾಣುತ್ತದೆ. 1543ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾದ ವೆಸಾಲಿಯಸ್‌ನ ಗ್ರಂಥದಲ್ಲಿ ಒಂದು ಅಸ್ಥಿಪಂಜರ ಸಲಿಕೆಯ ಮೇಲೆ ಕೈಯೂರಿ ನಿಂತಿದೆ, ಸ್ನಾಯುಗಳ ಚಿತ್ರಗಳಲ್ಲಿ ಹಿನ್ನೆಲೆಗೆ ಬೆಟ್ಟಗುಡ್ಡಗಳಿವೆ. ಕಂಪ್ಯೂಟರಿನ ಮಾದರಿಗಳೇಕೋ ಮತ್ತೆ ಕೈ ಇಳಿಬಿಟ್ಟು ಶೂನ್ಯದಲ್ಲಿ ನಿಂತುಬಿಟ್ಟಿವೆ!

ಅಂಗರಚನಾಶಾಸ್ತ್ರ ಅಧ್ಯಾಪಕ, ಹುಬ್ಬಳ್ಳಿ:

ಪ್ರಯೋಗ ಬಹಳ ಇಷ್ಟವಾಯಿತು. ಹೊಂದಿಸುವುದಕ್ಕೆ ಗುರುತುಗಳು ಬೇಕಾಗುತ್ತವೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಗಂಟು ಸಾಮಾನ್ಯವಾಗಿ ಏಳನೆಯ ಕೊರಳ ಕಶೇರು (ಬೆನ್ನುಮೂಳೆಯ ಒಂದೊಂದು ಮಣಿಯೂ ಒಂದು ಕಶೇರು). ತೋಳು ಇಳಿಬಿಟ್ಟಿರುವಾಗ ಭುಜಫಲಕದ ಕೆಳತುದಿ ಎದೆಯ ಏಳನೆಯ ಕಶೇರುವಿನ ಮಟ್ಟದಲ್ಲಿ ಬರುತ್ತದೆ. ಸೊಂಟದ ಎರಡೂ ಬದಿಯ ಎಲುಬಿನ ಮೇಲಂಚುಗಳನ್ನು ಸೇರಿಸುವ ಗೆರೆ ಕೆಳಬೆನ್ನಿನ ನಾಲ್ಕನೆಯ ಕಶೇರುವಿನ ಮೇಲೆ ಹಾಯುತ್ತದೆ. ಒಂದು ಎಚ್ಚರಿಕೆ: ಚರ್ಮವೂ ಬನಿಯನ್ನೂ ಎಲುಬಿನ ಮೇಲೆ ಜಾರುತ್ತವೆ. ತೋಳು ಎತ್ತಿದ ಮೇಲೆ ಮೊದಲ ಗುರುತನ್ನು ನಂಬದೆ, ಎಲುಬಿನ ತುದಿಯನ್ನು ಬೆರಳಿನಿಂದ ಮತ್ತೆ ಮುಟ್ಟಿ ಹುಡುಕಿ ಹೊಸ ಗುರುತು ಹಾಕಬೇಕು. ಇನ್ನೊಬ್ಬರ ಮೈ ಮುಟ್ಟುವುದು, ಮುಟ್ಟಿಸಿಕೊಳ್ಳುವುದು ಎಲ್ಲರಿಗೂ ಒಗ್ಗುವ ವಿಷಯವಲ್ಲ. ಮೊದಲೇ ಕೇಳಿಕೊಳ್ಳಿ; ಒಲ್ಲೆ ಎಂದವರಿಗೆ ತಮ್ಮದೇ ಮುಂದೋಳು ಮತ್ತು ಕೊರಳೆಲುಬು ಸಾಕು.

ಪೀಠೋಪಕರಣ ಬೋಧಕ, ಹುಬ್ಬಳ್ಳಿ:

ಇಷ್ಟೆಲ್ಲ ಓದಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ಪರದೆಯ ಮೇಲಿನ ಈ ದೇಹ ಯಾರದು?

ತ್ರೀಡಿ ಕಲಾವಿದ, ಹುಬ್ಬಳ್ಳಿ:

ಕೇಳಬೇಕಾದ ಪ್ರಶ್ನೆ ಸರ್. ಝಡ್-ಅನಾಟಮಿಗೆ ಆಧಾರವಾಗಿರುವುದು ಜಪಾನಿನ ಬಾಡಿಪಾರ್ಟ್ಸ್‌ತ್ರೀಡಿ ಸಂಗ್ರಹ. ಅದು ಜಪಾನಿನ ವಯಸ್ಕ ಪುರುಷನ ಎಂಆರ್‌ಐ ಚಿತ್ರಗಳನ್ನು ಆಧರಿಸಿದೆ. ಅದಕ್ಕೂ ಹಿಂದಿನದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ವಿಸಿಬಲ್ ಹ್ಯೂಮನ್ ಯೋಜನೆ. ಅದರ ಪುರುಷ ದೇಹ 1993ರಲ್ಲಿ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಒಳಗಾದ ಜೋಸೆಫ್ ಪಾಲ್ ಜೆರ್ನಿಗನ್ ಎಂಬ ಕೈದಿಯದು. ದೇಹವನ್ನು ಹೆಪ್ಪುಗಟ್ಟಿಸಿ 1 ಮಿಲಿಮೀಟರ್ ಅಂತರದಲ್ಲಿ ಪದರ ಪದರವಾಗಿ ಛಾಯಾಚಿತ್ರ ತೆಗೆದು 1994ರಲ್ಲಿ ಬಿಡುಗಡೆ ಮಾಡಿದರು. ಮರುವರ್ಷ ಬಂದ ಮಹಿಳೆಯ ದೇಹಕ್ಕೆ ಈ ಅಂತರ 0.33 ಮಿಲಿಮೀಟರ್, ಆಕೆ ಮೇರಿಲ್ಯಾಂಡ್‌ನ 59 ವರ್ಷದವರು ಎಂಬುದನ್ನು ಬಿಟ್ಟರೆ ಹೆಸರು ಹೊರಬಂದಿಲ್ಲ. ಕೈದಿಯೊಬ್ಬ ಕೊಡುವ ಒಪ್ಪಿಗೆ ಎಷ್ಟು ಸ್ವತಂತ್ರವಾದದ್ದು ಎಂಬ ಚರ್ಚೆ ಆಗಲೇ ನಡೆದಿತ್ತು. ತರಗತಿಯಲ್ಲಿ ಮಾದರಿ ತೋರಿಸುವವರು ಇದನ್ನೂ ಒಂದು ಮಾತಿನಲ್ಲಿ ಹೇಳಬೇಕು ಎಂದು ನನ್ನ ಅಭಿಪ್ರಾಯ.

ವಿನ್ಯಾಸಕ್ಕೆ ಸಂಬಂಧಿಸಿದ ವಿಷಯವೂ ಇದರಲ್ಲಿದೆ. ಎಂಆರ್‌ಐ, ಸಿಟಿ ಸ್ಕ್ಯಾನ್‌ಗಳನ್ನು ಸಾಮಾನ್ಯವಾಗಿ ಮಲಗಿಸಿಯೇ ತೆಗೆಯುತ್ತಾರೆ. ಮಲಗಿದ ಬೆನ್ನುಮೂಳೆಯ ಮೇಲೆ ಮೈಭಾರ ಬೀಳುವುದಿಲ್ಲ, ಹೊಟ್ಟೆ ಮತ್ತು ಎದೆಯ ಮೃದುಭಾಗಗಳು ಬದಿಗೆ ಹರಡಿಕೊಂಡಿರುತ್ತವೆ. ಪರದೆಯ ಮೇಲೆ ಅದೇ ಮಾದರಿಯನ್ನು ಎಬ್ಬಿಸಿ ನಿಲ್ಲಿಸಿದರೆ ನಿಂತ ಮನುಷ್ಯನಾಗುವುದಿಲ್ಲ.

ಕೃಷಿ ಉಪಕರಣ ವಿನ್ಯಾಸಕ, ಹಾವೇರಿ:

ಹಾಗಾದರೆ ಎಲುಬುಗಳ ಜೋಡಣೆ, ಕೀಲು ತಿರುಗುವ ಬಗೆ ಇವುಗಳನ್ನು ಮಾದರಿಯಿಂದ ತೆಗೆದುಕೊಂಡು, ಗಾತ್ರವನ್ನು ಮಾತ್ರ ನಮ್ಮವರ ಅಳತೆಗಳಿಂದಲೇ ತೆಗೆದುಕೊಳ್ಳಬೇಕು. ಚಕ್ರವರ್ತಿಯವರ ಸಂಗ್ರಹದಲ್ಲಿ ನೆಲದ ಮೇಲೆ ಕೂರುವ ಭಂಗಿಗಳ ಅಳತೆಗಳೂ ಇವೆ. ಕುರ್ಚಿಯನ್ನೇ ಲೋಕವೆಂದುಕೊಂಡ ಪುಸ್ತಕಗಳಲ್ಲಿ ಅವು ಸಿಗುವುದಿಲ್ಲ. ನಮ್ಮ ಅರ್ಧ ಕೆಲಸ ಚಕ್ಕಳಮಕ್ಕಳ ಹಾಕಿಕೊಂಡೋ ಕುಕ್ಕರಗಾಲಿನಲ್ಲೋ ನಡೆಯುತ್ತದೆ. ಅಳತೆಯನ್ನು ಓದುವಾಗ ಸರಾಸರಿಯನ್ನು ಹಿಡಿದು ಕೂರದೆ, ಕೈಚಾಚಿ ಎಟುಕಬೇಕಾದ ವಸ್ತುವಿಗೆ ಗಿಡ್ಡವರ 5ನೆಯ ಪರ್ಸೆಂಟೈಲನ್ನೂ (ನೂರರಲ್ಲಿ ಐವರಷ್ಟೇ ಇದಕ್ಕಿಂತ ಕಡಿಮೆ ಇರುವ ಅಳತೆ) ಮೈ ತೂರಬೇಕಾದ ಜಾಗಕ್ಕೆ ದೊಡ್ಡ ಮೈಯವರ 95ನೆಯ ಪರ್ಸೆಂಟೈಲನ್ನೂ ನೋಡುವ ರೂಢಿಯನ್ನು ಶಿಬಿರದಲ್ಲಿ ಒಮ್ಮೆ ಮಾಡಿಸಿಬಿಡಿ.

ವಿನ್ಯಾಸ ಬೋಧಕಿ, ಧಾರವಾಡ:

ಎಲ್ಲರಿಗೂ ಧನ್ಯವಾದಗಳು. ಚಿತ್ರಕಲಾ ಗುರುಗಳು ಹೇಳಿದ ಪ್ರಯೋಗವನ್ನು ಸಹೋದ್ಯೋಗಿಯೊಬ್ಬರ ಬೆನ್ನಿನ ಮೇಲೆ ಮಾಡಿ ನೋಡಿದೆವು. ಅವರು ತೋಳು ಎತ್ತಿದೊಡನೆ ಹಿಂದೆ ನಿಂತಿದ್ದವರೆಲ್ಲ ತಾವೂ ತೋಳು ಎತ್ತಿ ಪಕ್ಕದವರ ಬೆನ್ನನ್ನು ಇಣುಕಿ ನೋಡತೊಡಗಿದರು. ಎರಡು ಗುರುತುಗಳ ನಡುವಿನ ಅಂತರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿ ಬಂದಿತು, ಅದರ ಬಗ್ಗೆಯೇ ಬಹಳ ಹೊತ್ತು ಮಾತು ನಡೆಯಿತು.

ಆದ್ದರಿಂದ ಶಿಬಿರವನ್ನು ಎಲುಬುಗಳ ಪಟ್ಟಿಯಿಂದ ಆರಂಭಿಸದೆ ಮೂರು ವಸ್ತುಗಳ ಸುತ್ತ ಕಟ್ಟುತ್ತಿದ್ದೇವೆ: ಕುಬುಸ, ಕಳೆ ತೆಗೆಯುವ ಉಪಕರಣದ ಹಿಡಿ, ಕಸೂತಿ ಹಾಕುವವರಿಗೆ ಒಂದು ತಗ್ಗಿನ ಆಸನ. ಪ್ರತಿಯೊಂದರಲ್ಲೂ ಮೊದಲು ಸ್ವಂತ ಮೈಯನ್ನು ಮುಟ್ಟಿ ನೋಡುವುದು, ನಂತರ ಎರಡೇ ನೋಟಗಳಲ್ಲಿ ಮಾದರಿ, ಕೊನೆಗೆ ಫೋಟೋದ ಮೇಲೆ ಟ್ರೇಸಿಂಗ್. ಹೆಸರುಗಳನ್ನು ಅಗತ್ಯ ಬಿದ್ದಾಗ ಹೇಳುತ್ತೇವೆ. ಪ್ರೊಜೆಕ್ಟರಿನ ಚಿತ್ರ ಬೆನ್ನಿನ ಮೇಲೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಬೀಳುತ್ತಿತ್ತು. ಅದಕ್ಕೇನು ಮಾಡಬೇಕು?

ತ್ರೀಡಿ ಕಲಾವಿದ, ಹುಬ್ಬಳ್ಳಿ:

ಪ್ರೊಜೆಕ್ಟರನ್ನು ಮೇಜಿನ ಮೇಲಿಟ್ಟು ಮೂತಿ ಎತ್ತಿದರೆ ಹಾಗಾಗುತ್ತದೆ. ಅದನ್ನು ಬೆನ್ನಿನ ನಡುಮಟ್ಟಕ್ಕೆ ಏರಿಸಿ ನೇರವಾಗಿ ಇಡಿ. ಬ್ಲೆಂಡರ್‌ನಲ್ಲಿ ಕ್ಯಾಮೆರಾವನ್ನು ಆರ್ಥೋಗ್ರಾಫಿಕ್ ನೋಟಕ್ಕೆ ಬದಲಿಸಿಕೊಂಡರೆ ಹತ್ತಿರದ ಎಲುಬು ದೊಡ್ಡದು, ದೂರದ್ದು ಚಿಕ್ಕದು ಎಂಬ ವ್ಯತ್ಯಾಸವೂ ಹೋಗುತ್ತದೆ. ಕತ್ತಿನ ಗಂಟಿನಿಂದ ಭುಜಫಲಕದ ಕೆಳತುದಿಯ ಮಟ್ಟದವರೆಗಿನ ಅಂತರವನ್ನು ಟೇಪಿನಿಂದ ಅಳೆದು, ಪರದೆಯಲ್ಲಿ ಅಷ್ಟಕ್ಕೇ ಹೊಂದಿಸಿ. ಒಂದು ಭುಜಫಲಕವನ್ನು ನಿಜವಾದ ಗಾತ್ರದಲ್ಲಿ ಮುದ್ರಿಸಿ ತರುವ ಹೊಣೆ ನನ್ನದು.

ಹೊಲಿಗೆ ಶಿಕ್ಷಕಿ, ಗದಗ:

ಕೋರಾ ಬಟ್ಟೆಯಲ್ಲಿ ಕಂಕುಳ ಕೊರೆತ ತಗ್ಗಾಗಿರುವ ಒಂದು ಕುಬುಸ, ಎತ್ತರವಾಗಿರುವ ಒಂದು ಕುಬುಸ, ಎರಡನ್ನೂ ಬೇರೆ ಬೇರೆ ಅಳತೆಗಳಲ್ಲಿ ಹೊಲಿದು ತರುತ್ತೇನೆ. ಎದೆಯ ಸುತ್ತಳತೆ 34, 38 ಮತ್ತು 42 ಇಂಚಿನವು ಸಾಕೆ, ಇನ್ನೂ ದೊಡ್ಡದು ಬೇಕೆ ಎಂದು ಬರುವವರನ್ನು ವಿಚಾರಿಸಿ ತಿಳಿಸಿದರೆ ಬಟ್ಟೆ ತರಿಸಲು ಅನುಕೂಲವಾಗುತ್ತದೆ.